ಪೊಲೀಸರ ವಿರುದ್ಧ ನಡೆದ ವಿಚಾರಣೆಯ ಕಡತ ಪಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

‘ತಮ್ಮ ದೂರು ಅರ್ಜಿಯನ್ನು ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಂಡು ಮುಕ್ತಾಯಗೊಳಿಸಲಾಗಿದೆ.’ ಪೊಲೀಸ್ ಸಿಬ್ಬಂದಿಯ ಮೇಲೆ ಎಸ್‌ಪಿ ಕಚೇರಿಗೆ ದೂರು ಕೊಟ್ಟವರಿಗೆ ಕೊನೆಗೆ ಸಿಗುವುದು ಬಹುಪಾಲು ಇಂಥದೊಂದು ಸಾಲಿನ ಹಿಂಬರಹ. ಯಾರು ವಿಚಾರಣೆ ಮಾಡಿದರು, ಯಾರ ಹೇಳಿಕೆ ತೆಗೆದುಕೊಂಡರು, ಸೂಕ್ತ ಕ್ರಮ ಎಂದರೆ ಸಸ್ಪೆಂಡೋ, ಎಚ್ಚರಿಕೆ ಪತ್ರವೋ, ಏನೂ ಇಲ್ಲವೋ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಅದೆಲ್ಲ ಕಡತದಲ್ಲಿರುತ್ತದೆ. ಕರ್ನಾಟಕದಲ್ಲಿ ಆ ಕಡತವನ್ನು ಹೊರತರಿಸಲು ಇರುವ ದಾರಿಗಳನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಜನವರಿಯಿಂದ ಪೊಲೀಸರು ಗುಂಡು ಹಾರಿಸಿದ ಪ್ರಕರಣ, ಸಾಬೀತಾದ ಲೈಂಗಿಕ ದೌರ್ಜನ್ಯ, ಸಾಬೀತಾದ ಸುಳ್ಳು ವರದಿಯಂಥ ವಿಷಯಗಳ ವಿಚಾರಣಾ ದಾಖಲೆಗಳನ್ನು ಜನ ಕೇಳಿದರೆ ಕೊಡಬೇಕೆಂಬ ಕಾನೂನು ಇದೆ. ನಮ್ಮಲ್ಲಿ ಪೊಲೀಸ್ ವಿಚಾರಣೆಗೆಂದೇ ಅಂಥ ಕಾನೂನಿಲ್ಲ. ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ), ಮಾನವ ಹಕ್ಕು ಕಾಯ್ದೆ, ನ್ಯಾಯಾಲಯದ ನಿಯಮ, ಶಾಸನಸಭೆಯ ಪ್ರಶ್ನೋತ್ತರ ಇವನ್ನೆಲ್ಲ ಸೇರಿಸಿಕೊಂಡು ಕೆಲಸ ಸಾಧಿಸಬೇಕು. ಹಾಗಾಗಿ ಎಲ್ಲಿ ಏನು ಕೇಳಬೇಕೆಂಬ ಲೆಕ್ಕಾಚಾರವೇ ಅರ್ಧ ಕೆಲಸ.

ಹಂತ 1: ನಿಮಗೆ ಬೇಕಾದ ಕಡತ ಯಾವುದೆಂದು ಗುರುತಿಸಿ

‘ವಿಚಾರಣಾ ವರದಿ ಕೊಡಿ’ ಎಂದಷ್ಟೇ ಬರೆದರೆ ‘ಅಂಥ ದಾಖಲೆ ಲಭ್ಯವಿಲ್ಲ’ ಎಂದು ಸುಲಭವಾಗಿ ಉತ್ತರ ಬರುತ್ತದೆ. ಏಕೆಂದರೆ ಒಂದೇ ಘಟನೆಗೆ ಬೇರೆಬೇರೆ ಕಡೆ ಬೇರೆಬೇರೆ ಕಡತಗಳು ಹುಟ್ಟುತ್ತವೆ.

ಮೊದಲನೆಯದು ಅರ್ಜಿ ವಿಚಾರಣೆ. ನಿಮ್ಮ ದೂರನ್ನು ಎಸ್‌ಪಿ ಅಥವಾ ಕಮಿಷನರ್ ಕಚೇರಿ ಒಂದು ಜ್ಞಾಪನದೊಂದಿಗೆ ಡಿವೈಎಸ್‌ಪಿಗೆ ಅಥವಾ ಎಸಿಪಿಗೆ ಕಳಿಸುತ್ತದೆ. ಅವರು ಹೇಳಿಕೆ ಪಡೆದು ವರದಿ ಕೊಡುತ್ತಾರೆ. ಹೆಚ್ಚಿನ ದೂರುಗಳ ಕತೆ ಇಲ್ಲಿಗೇ ಮುಗಿಯುತ್ತದೆ.

ಎರಡನೆಯದು ಇಲಾಖಾ ವಿಚಾರಣೆ. ತಪ್ಪು ಕಂಡುಬಂದಿದೆ ಎಂದಾದರೆ ದೋಷಾರೋಪಣಾ ಪಟ್ಟಿ ಕೊಟ್ಟು ವಿಚಾರಣಾಧಿಕಾರಿಯನ್ನು ನೇಮಿಸುತ್ತಾರೆ. ಇದು ಮುಖ್ಯವಾಗಿ 1965ರ ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡಾವಳಿ ನಿಯಮಗಳ ಕೆಳಗೆ ನಡೆಯುತ್ತದೆ. ವಾಗ್ದಂಡನೆ, ವೇತನ ಬಡ್ತಿ ತಡೆ, ಹಿಂಬಡ್ತಿ, ಸೇವೆಯಿಂದ ವಜಾ ಇವೆಲ್ಲ ಈ ಕಡತದ ಕೊನೆಯಲ್ಲಿ ಬರುವ ಆದೇಶಗಳು. ಆರೋಪಿತರ ಹುದ್ದೆ ಮೇಲೇರಿದಂತೆ ಕಡತವೂ ಮೇಲಿನ ಕಚೇರಿಗೆ ಏರುತ್ತದೆ. ಕಾನ್‌ಸ್ಟೆಬಲ್ ವಿಷಯ ಜಿಲ್ಲಾ ಕಚೇರಿಯಲ್ಲೇ ಇರಬಹುದು, ಅಧಿಕಾರಿಗಳದ್ದು ವಲಯದ ಐಜಿಪಿ ಕಚೇರಿಗೋ ಡಿಜಿ-ಐಜಿಪಿ ಕಚೇರಿಗೋ ಹೋಗಿರಬಹುದು. ಐಪಿಎಸ್ ಅಧಿಕಾರಿಗಳಿಗೆ ಅನ್ವಯಿಸುವುದು 1969ರ ಅಖಿಲ ಭಾರತ ಸೇವೆಗಳ ಶಿಸ್ತು ನಿಯಮಗಳು. ಅವರ ಕಡತಕ್ಕೆ ಸಚಿವಾಲಯದಲ್ಲಿ, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಲ್ಲಿ ವಿಚಾರಿಸಬೇಕು.

ಮೂರನೆಯದು ಕ್ರಿಮಿನಲ್ ಪ್ರಕರಣ: ಎಫ್‌ಐಆರ್, ಆಮೇಲೆ ಚಾರ್ಜ್‌ಶೀಟ್ ಅಥವಾ ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲ ಎಂದು ಪ್ರಕರಣ ಮುಚ್ಚುವ ವರದಿ). ಇದು ನ್ಯಾಯಾಲಯಕ್ಕೆ ಹೋಗುವ ಕಡತ, ಇದರ ದಾರಿಯೇ ಬೇರೆ.

ನಾಲ್ಕನೆಯದು ಇಲಾಖೆಯ ಹೊರಗಿನವರು ಮಾಡುವ ವಿಚಾರಣೆ. ರಾಜ್ಯ ಮಾನವ ಹಕ್ಕುಗಳ ಆಯೋಗ, ಪೊಲೀಸ್ ದೂರು ಪ್ರಾಧಿಕಾರ, ಮ್ಯಾಜಿಸ್ಟ್ರೇಟ್ ವಿಚಾರಣೆ, ವಿಚಾರಣಾ ಆಯೋಗ ಎಲ್ಲವೂ ಇದರಲ್ಲಿ ಬರುತ್ತವೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದಾಗ ಸರ್ಕಾರ ಉಡುಪಿ ಜಿಲ್ಲಾಧಿಕಾರಿಯಿಂದ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಿಸಿತು. ಅಂಥ ವರದಿ ಪೊಲೀಸ್ ಇಲಾಖೆಯದ್ದಲ್ಲ. ಅದನ್ನು ಕಮಿಷನರ್ ಕಚೇರಿಯಲ್ಲಿ ಕೇಳಿ ತಿಂಗಳುಗಟ್ಟಲೆ ಕಾಯುವ ಬದಲು, ವಿಚಾರಣೆಗೆ ಆದೇಶಿಸಿದ ಸರ್ಕಾರದಿಂದಲೇ ಕೇಳಬೇಕು.

ಒಂದು ಹಾಳೆಯ ಮೇಲೆ ಈ ನಾಲ್ಕನ್ನೂ ಬರೆದು, ನಿಮ್ಮ ಪ್ರಕರಣದಲ್ಲಿ ಯಾವುವು ಹುಟ್ಟಿವೆ ಎಂದು ಗುರುತು ಹಾಕಿಕೊಳ್ಳಿ. ಗೊತ್ತಿಲ್ಲದಿದ್ದರೆ ಮೊದಲ ಆರ್‌ಟಿಐ ಅರ್ಜಿಯನ್ನು ಅದನ್ನು ತಿಳಿಯಲೆಂದೇ ಹಾಕಿ.

ಹಂತ 2: ಅಳಿದುಹೋಗುವುದನ್ನು ಮೊದಲು ಉಳಿಸಿ

ಕಡತ ಕಪಾಟಿನಲ್ಲಿ ಕಾಯುತ್ತದೆ, ಸಿಸಿಟಿವಿ ದೃಶ್ಯ ಕಾಯುವುದಿಲ್ಲ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಇಡಬೇಕು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು ಎಂದಿತು. ಆದರೂ ಒಂದು ವರ್ಷ ಇದೆಯಲ್ಲ ಎಂದು ಕೂರಬೇಡಿ. ಘಟನೆಯ ವಾರದೊಳಗೆ ಎಸ್‌ಪಿ ಅಥವಾ ಕಮಿಷನರ್‌ಗೆ ಒಂದು ಪತ್ರ ಬರೆಯಿರಿ: ಇಂಥ ಠಾಣೆಯ, ಇಂಥ ದಿನದ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿರಿಸಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಇಮೇಲ್ ಕೂಡ ಮಾಡಿ.

ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬಂದರೆ ನಿರಾಶರಾಗಬೇಕಿಲ್ಲ. ಕ್ಯಾಮೆರಾ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಅದೇ ತೀರ್ಪು ಠಾಣಾಧಿಕಾರಿಯ ಮೇಲೆ ಹೊರಿಸಿದೆ. ಕೆಟ್ಟರೆ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗೆ ತಿಳಿಸಬೇಕು. ಹಾಗಾದರೆ ತಿಳಿಸಿ ಬರೆದ ಪತ್ರದ ಪ್ರತಿ ಕೊಡಿ ಎಂದು ಕೇಳಿ. ಆ ಪತ್ರ ಇಲ್ಲದಿದ್ದರೆ, ಇಲ್ಲ ಎಂಬ ಲಿಖಿತ ಉತ್ತರವೇ ನಿಮ್ಮ ಮುಂದಿನ ದೂರಿಗೆ ಆಧಾರವಾಗುತ್ತದೆ.

ಗಾಯವಾಗಿದ್ದರೆ ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಒಪಿಡಿ ಚೀಟಿ, ತಾರೀಖು ಕಾಣುವ ಫೋಟೊ ಒಂದು ಲಕೋಟೆಗೆ ಸೇರಲಿ. ದೂರನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು, ತಾರೀಖು, ಸಂಖ್ಯೆ ಇರುವ ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ಬರೆಯುವ ಪ್ರತಿ ಕಾಗದದಲ್ಲೂ ಆ ಸಂಖ್ಯೆ ಬೇಕಾಗುತ್ತದೆ.

ಹಂತ 3: ಕೇಳದೆಯೇ ಸಿಗುವುದನ್ನು ಎತ್ತಿಕೊಳ್ಳಿ

2016ರ ಸೆಪ್ಟೆಂಬರ್ 7ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನ ನಂತರ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕು. ಸಂಪರ್ಕ ಕಷ್ಟವಿರುವ ಕಡೆ ಮಾತ್ರ 48ರಿಂದ 72 ಗಂಟೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಪೊಲೀಸ್ ಸಿಬ್ಬಂದಿಯೇ ಆರೋಪಿಯಾದ ಎಫ್‌ಐಆರ್ ಕೂಡ ಎಫ್‌ಐಆರೇ. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ ಹಾಕಿ ಹುಡುಕಿ.

ಹೆಚ್ಚಿನವರು ನೋಡದೇ ಬಿಡುವ ಇನ್ನೊಂದು ಜಾಗ ಇದೆ. ಶಿಕ್ಷೆಗೆ ಒಳಗಾದ ಸಿಬ್ಬಂದಿ ಅದನ್ನು ಪ್ರಶ್ನಿಸಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತಾರೆ, ಐಪಿಎಸ್ ಅಧಿಕಾರಿಗಳು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಅಂದರೆ ಸಿಎಟಿಗೆ ಹೋಗುತ್ತಾರೆ. ಅಲ್ಲಿಂದ ಹೈಕೋರ್ಟ್. ಈ ಆದೇಶಗಳು ಸಾರ್ವಜನಿಕ. ಆರೋಪ ಏನು, ವಿಚಾರಣಾಧಿಕಾರಿ ಏನು ಹೇಳಿದರು, ಎಷ್ಟು ಶಿಕ್ಷೆ ಎಂಬುದನ್ನು ನ್ಯಾಯಮಂಡಳಿ ತನ್ನ ಆದೇಶದಲ್ಲೇ ವಿವರವಾಗಿ ಬರೆದಿರುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಅಮಾನತಾದ ಐಪಿಎಸ್ ಅಧಿಕಾರಿಯೊಬ್ಬರ ಅಮಾನತನ್ನು ಸಿಎಟಿ ಜುಲೈ 1ರಂದು ರದ್ದು ಮಾಡಿತು. ಸರ್ಕಾರದ ಕಾರಣಗಳೂ ಅಧಿಕಾರಿಯ ಸಮಜಾಯಿಷಿಯೂ ಆ ಆದೇಶದಲ್ಲಿ ಎದುರುಬದುರಾಗಿ ಕೂತಿವೆ. ಆರ್‌ಟಿಐನಲ್ಲಿ ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸುವ ಸರಕೇ ನ್ಯಾಯಮಂಡಳಿಯ ಆದೇಶದಲ್ಲಿ ಬಿಡುಬೀಸಾಗಿ ಸಿಗುವುದು ನಮ್ಮ ವ್ಯವಸ್ಥೆಯ ತಮಾಷೆಗಳಲ್ಲಿ ಒಂದು.

ಹಂತ 4: ಆರ್‌ಟಿಐ ಅರ್ಜಿ ಬರೆಯುವುದು

ಅಧಿಕಾರಿಯ ಬಗ್ಗೆ ಕೇಳಬೇಡಿ, ಘಟನೆಯ ಬಗ್ಗೆ ಕೇಳಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ‘ಇಂಥ ಪಿಎಸ್‌ಐ ಮೇಲೆ ಈವರೆಗೆ ತೆಗೆದುಕೊಂಡ ಎಲ್ಲ ಶಿಸ್ತು ಕ್ರಮಗಳ ವಿವರ ಕೊಡಿ’ ಎಂಬ ಅರ್ಜಿ ತಿರಸ್ಕಾರವಾಗಲೆಂದೇ ಬರೆದಂತೆ ಇರುತ್ತದೆ. 2012ರ ಅಕ್ಟೋಬರ್ 3ರ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೌಕರನಿಗೆ ಕೊಟ್ಟ ಮೆಮೊ, ಷೋಕಾಸ್ ನೋಟಿಸ್, ಶಿಕ್ಷೆಯ ಆದೇಶಗಳನ್ನು ವೈಯಕ್ತಿಕ ಮಾಹಿತಿ ಎಂದು ಪರಿಗಣಿಸಿತು. ಅಂದಿನಿಂದ ಕಚೇರಿಗಳಿಗೆ ಆ ತೀರ್ಪು ಸಿದ್ಧ ಉತ್ತರವಾಗಿದೆ. ಅದೇ ವಿಷಯವನ್ನು ‘ನನ್ನ ಇಂಥ ಸಂಖ್ಯೆಯ ದೂರಿನ ಮೇಲೆ ನಿಮ್ಮ ಕಚೇರಿ ಏನು ಮಾಡಿತು’ ಎಂದು ತಿರುಗಿಸಿ ಕೇಳಿದರೆ, ನೀವು ಕೇಳುತ್ತಿರುವುದು ಕಚೇರಿಯ ಕೆಲಸದ ದಾಖಲೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಡಿ) ಆಡಳಿತಾತ್ಮಕ ನಿರ್ಧಾರಗಳ ಕಾರಣವನ್ನು ಬಾಧಿತ ವ್ಯಕ್ತಿಗಳಿಗೆ ತಾನಾಗಿಯೇ ತಿಳಿಸಬೇಕು ಎನ್ನುತ್ತದೆ. ದೂರುದಾರನಿಗಿಂತ ಬಾಧಿತ ವ್ಯಕ್ತಿ ಬೇರೆ ಯಾರು?

ಕರ್ನಾಟಕದ ನಿಯಮಗಳು ಕೊಂಚ ಬಿಗಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಶುಲ್ಕ 10 ರೂಪಾಯಿ, ಪ್ರತಿಗೆ ಎ4 ಹಾಳೆಗೆ 2 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ವಿನಾಯಿತಿ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು. ಅರ್ಜಿ ಹಾಕುವ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ. ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಸರಿ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾತ್ರ ಇದ್ದರೆ ಊರಿನಲ್ಲಿರುವ ಅಣ್ಣನೋ ತಂಗಿಯೋ ಅರ್ಜಿ ಹಾಕಲಿ.

ದೂರುದಾರರಿಗೆ ಒಂದು ಮಾದರಿ:

*ಗೆ: ಸಾರ್ವಜನಿಕ ಮಾಹಿತಿ ಅಧಿಕಾರಿ, ಪೊಲೀಸ್ ಅಧೀಕ್ಷಕರ ಕಚೇರಿ, ______ ಜಿಲ್ಲೆ.*

*ವಿಷಯ: ದಿನಾಂಕ ______ರ ನನ್ನ ದೂರು ಅರ್ಜಿ ಸಂಖ್ಯೆ ______ಕ್ಕೆ ಸಂಬಂಧಿಸಿದ ದಾಖಲೆಗಳು.*

*1. ಸದರಿ ಅರ್ಜಿಯನ್ನು ವಿಚಾರಣೆಗೆ ವಹಿಸಿದ ಜ್ಞಾಪನದ ದೃಢೀಕೃತ ಪ್ರತಿ.*

*2. ವಿಚಾರಣೆ ಮಾಡಿದ ಅಧಿಕಾರಿ ಸಲ್ಲಿಸಿದ ವರದಿಯ ಪ್ರತಿ.*

*3. ವರದಿಯ ಮೇಲಿನ ಟಿಪ್ಪಣಿ ಹಾಳೆಗಳು ಮತ್ತು ಅಂತಿಮ ಆದೇಶದ ಪ್ರತಿ.*

*4. ಕಡತವು ಯಾವ ದಿನ ಯಾವ ಶಾಖೆಯಲ್ಲಿತ್ತು ಎಂಬ ಚಲನವಲನ ವಿವರ.*

*5. ಸದರಿ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ಮತ್ತು ಸಮಯ.*

*ಸಾಕ್ಷಿಗಳ ಗುರುತು ಅಥವಾ ವಿನಾಯಿತಿ ಇರುವ ಭಾಗವಿದ್ದರೆ ಸೆಕ್ಷನ್ 10ರಂತೆ ಅದನ್ನು ಮಾತ್ರ ಮರೆಮಾಡಿ ಉಳಿದದ್ದನ್ನು ಕೊಡಬೇಕೆಂದು ಕೋರುತ್ತೇನೆ. ಮಾಹಿತಿ ತಮ್ಮ ಬಳಿ ಇಲ್ಲದಿದ್ದಲ್ಲಿ ಸೆಕ್ಷನ್ 6(3)ರಂತೆ ಐದು ದಿನಗಳಲ್ಲಿ ವರ್ಗಾಯಿಸಿ.*

ಇದರಲ್ಲಿ ‘ಏಕೆ’, ‘ಹೇಗೆ’, ‘ಯಾರು ಹೊಣೆ’ ಎಂಬ ಪ್ರಶ್ನೆಗಳಿಲ್ಲ ಎಂಬುದನ್ನು ಗಮನಿಸಿ. ಇರುವ ದಾಖಲೆ ಕೊಡುವುದು ಮಾಹಿತಿ ಅಧಿಕಾರಿಯ ಕೆಲಸ. ವಿವರಣೆ ಬರೆದುಕೊಡುವುದು, ಹೊಸದಾಗಿ ಮಾಹಿತಿ ಸೃಷ್ಟಿಸುವುದು ಅಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಿಟ್ಟನ್ನು ಅರ್ಜಿಯಿಂದ ಹೊರಗಿಡಿ.

ಐದನೇ ಅಂಶವನ್ನು ಬಿಡಬೇಡಿ. ಕಡತ ಪರಿಶೀಲನೆ ಸೆಕ್ಷನ್ 2(ಜೆ) ಕೊಟ್ಟ ಹಕ್ಕು. ಯಾವ ಯಾವ ಕಾಗದ ಇದೆ ಎಂದು ಗೊತ್ತಿಲ್ಲದೆ ಪ್ರತಿ ಕೇಳುವುದಕ್ಕಿಂತ, ಕಡತ ತಿರುವಿ ಹಾಳೆ ಸಂಖ್ಯೆ ಗುರುತು ಮಾಡಿಕೊಂಡು ಕೇಳುವುದು ಎಷ್ಟೋ ಮೇಲು. ಟಿಪ್ಪಣಿ ಹಾಳೆಗಳನ್ನು ನಿಧಾನವಾಗಿ ಓದಿ. ಡಿವೈಎಸ್‌ಪಿ ಒಂದು ಅಭಿಪ್ರಾಯ ಬರೆದು, ಮೇಲಿನವರು ಬೇರೆಯದನ್ನು ಬರೆದಿದ್ದರೆ ಅದು ಕಾಣುವುದು ಅಲ್ಲೇ. ಹಾಳೆ ಸಂಖ್ಯೆ ನಡುವೆ ಜಿಗಿದಿದ್ದರೆ ಅದನ್ನೂ ಬರೆದುಕೊಳ್ಳಿ.

ದೂರುದಾರರಲ್ಲದ ಪತ್ರಕರ್ತರು, ಸಂಘಟನೆಯವರು ಬೇರೆ ದಾರಿ ಹಿಡಿಯಬೇಕು. ಹೆಸರು ಕೇಳದೆ ಠಾಣಾವಾರು, ಹುದ್ದೆವಾರು ಕೇಳಿ: ಸಿಬ್ಬಂದಿ ಮೇಲೆ ಬಂದ ದೂರುಗಳೆಷ್ಟು, ಇಲಾಖಾ ವಿಚಾರಣೆಗೆ ಹೋದವೆಷ್ಟು, ಯಾವ ಬಗೆಯ ದಂಡನೆ ಎಷ್ಟು. ಆದರೆ ‘ಅಂಕಿಅಂಶ ಕೊಡಿ’ ಎಂದರೆ ‘ಕ್ರೋಡೀಕರಿಸಿಲ್ಲ’ ಎಂಬ ಉತ್ತರ ಬರುತ್ತದೆ. ಹಾಗಾಗಿ ಕಚೇರಿ ಈಗಾಗಲೇ ಮೇಲಿನವರಿಗೆ ಕಳಿಸಿರುವ ಮಾಸಿಕ ಅಥವಾ ವಾರ್ಷಿಕ ವರದಿಯ ಪ್ರತಿ, ದೂರು ವಹಿಯ ಹಾಳೆಗಳು ಎಂದು ಕೇಳಿ.

ಹಂತ 5: ನಿರಾಕರಣೆಗೆ ಉತ್ತರ

ಮೂವತ್ತು ದಿನದೊಳಗೆ ಉತ್ತರ ಬರಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಯಾರನ್ನಾದರೂ ಠಾಣೆಯಲ್ಲಿ ಕೂರಿಸಿಕೊಂಡಿದ್ದಾರೆ ಎಂಬಂಥ ಸಂದರ್ಭದಲ್ಲಿ ಅರ್ಜಿಯ ತಲೆಯಲ್ಲೇ ಇದನ್ನು ಬರೆಯಿರಿ. ಬರುವ ನಿರಾಕರಣೆಗಳು ಹೆಚ್ಚುಕಡಿಮೆ ಈ ಕೆಲವೇ.

*‘ತನಿಖೆಗೆ ಅಡ್ಡಿಯಾಗುತ್ತದೆ’, ಸೆಕ್ಷನ್ 8(1)(ಎಚ್).* ತನಿಖೆ ನಡೆಯುತ್ತಿದೆ ಎಂಬುದಷ್ಟೇ ಸಾಲದು. ಈ ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರ ಡಿಸೆಂಬರ್‌ನಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಿಚಾರಣೆ ಮುಗಿದು ಹಿಂಬರಹ ಬಂದಿದ್ದರಂತೂ ಈ ನೆಪ ನಿಲ್ಲುವುದಿಲ್ಲ. ಮುಕ್ತಾಯಗೊಳಿಸಲಾಗಿದೆ ಎಂದು ಅವರೇ ಬರೆದ ಹಿಂಬರಹವನ್ನು ಮೇಲ್ಮನವಿಗೆ ಲಗತ್ತಿಸಿ. ನಿಜವಾಗಿಯೂ ವಿಚಾರಣೆ ನಡೆಯುತ್ತಿದ್ದರೆ ವರದಿಗೆ ಪಟ್ಟು ಹಿಡಿಯದೆ, ವಿಚಾರಣೆಗೆ ವಹಿಸಿದ ಆದೇಶ ಮತ್ತು ಚಲನವಲನ ವಿವರ ಮಾತ್ರ ಪಡೆಯಿರಿ. ಸಾಕ್ಷಿಗಳ ಹೇಳಿಕೆ ಅರ್ಧದಲ್ಲಿ ಹೊರಬಂದರೆ ನಷ್ಟ ನಿಮಗೇ.

*‘ವೈಯಕ್ತಿಕ ಮಾಹಿತಿ’, ಸೆಕ್ಷನ್ 8(1)(ಜೆ).* ಈಗ ದೊಡ್ಡ ಗೋಡೆ ಇದೇ. ಹಿಂದೆ ಈ ಕಲಮಿನಲ್ಲೇ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಮಾಹಿತಿ, ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬಹುದು ಎಂಬ ಮಾತುಗಳಿದ್ದವು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಪರಂತುಕವೂ (ಕಲಮಿಗೆ ಸೇರಿಸಿದ ಷರತ್ತು) ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಇವನ್ನೆಲ್ಲ ಕಿತ್ತುಹಾಕಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು, ಈಗ ಕಲಮಿನಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿ ಎಂಬ ಬರಿ ಎರಡು ಪದದ ತಡೆ. ಹಳೆಯ ಪುಸ್ತಕ, ಹಳೆಯ ಮಾದರಿ ಮೇಲ್ಮನವಿ ನೋಡಿ ಬರೆಯುವವರು ಇಲ್ಲಿ ಎಡವುತ್ತಾರೆ: ಇಲ್ಲದ ಪರಂತುಕವನ್ನು ಉಲ್ಲೇಖಿಸಿದರೆ ಆಯೋಗದ ಮುಂದೆ ವಾದ ಅಲ್ಲಿಗೇ ಸಡಿಲವಾಗುತ್ತದೆ.

ಹಾಗಾದರೆ ಏನು ಬರೆಯಬೇಕು? ತಿದ್ದುಪಡಿ ಸೆಕ್ಷನ್ 8(2)ನ್ನು ಮುಟ್ಟಿಲ್ಲ. ಕಾಪಾಡಬೇಕಾದ ಹಿತಕ್ಕಾಗುವ ಹಾನಿಗಿಂತ ಸಾರ್ವಜನಿಕ ಹಿತಾಸಕ್ತಿ ದೊಡ್ಡದಾದರೆ ಮಾಹಿತಿ ಕೊಡಬಹುದು ಎಂಬ ಅವಕಾಶ ಅಲ್ಲಿ ಉಳಿದಿದೆ. ನಿಮ್ಮ ವಾದ ಅದರ ಮೇಲೆ ನಿಲ್ಲಲಿ, ಸುಮ್ಮನೆ ‘ಸಾರ್ವಜನಿಕ ಹಿತಾಸಕ್ತಿ ಇದೆ’ ಎಂದು ಬಿಡದೆ ಬಿಡಿಸಿ ಬರೆಯಿರಿ. ಘಟನೆ ನಡೆದದ್ದು ಠಾಣೆಯಲ್ಲಿ, ಸಮವಸ್ತ್ರದಲ್ಲಿ, ಕಾನೂನು ಕೊಟ್ಟ ಅಧಿಕಾರ ಬಳಸಿ. ದೂರಿನ ಫಲಿತಾಂಶ ದೂರುದಾರನಿಗೆ ಗೊತ್ತಾಗದಿದ್ದರೆ ಅವನು ಮುಂದಿನ ಪ್ರಾಧಿಕಾರಕ್ಕೆ ಹೋಗಲಾರ. ಅಧಿಕಾರಿಯ ವಿಳಾಸ, ಕುಟುಂಬ, ಆರೋಗ್ಯ, ಸಂಬಳದ ವಿವರ ನನಗೆ ಬೇಡ, ಅವನ್ನು ಸೆಕ್ಷನ್ 10ರಲ್ಲಿ ಮರೆಮಾಡಿ. ಬೇಡದ್ದನ್ನು ಮೊದಲೇ ಬಿಟ್ಟುಕೊಟ್ಟವನ ಬೇಡಿಕೆಗೆ ತೂಕ ಹೆಚ್ಚು. ‘ಕೊಡಬಹುದು’ ಎಂಬುದು ‘ಕೊಡಬೇಕು’ ಅಲ್ಲ, ಗೆಲುವು ಖಾತ್ರಿ ಇಲ್ಲ. ಆದರೂ ನನ್ನ ಅಂದಾಜಿನಲ್ಲಿ ದೂರುದಾರರ ಅರ್ಜಿಗೆ ಮೂರನೆಯವರ ಅರ್ಜಿಗಿಂತ ಇಲ್ಲಿ ಬಹಳ ಬಲವಿದೆ.

*‘ಮೂರನೇ ವ್ಯಕ್ತಿ ಒಪ್ಪಿಲ್ಲ’, ಸೆಕ್ಷನ್ 11.* ಈ ಕಲಂ ದೂರಿಗೆ ಗುರಿಯಾದ ಅಧಿಕಾರಿಯ ಅಭಿಪ್ರಾಯ ಕೇಳಿ ಎನ್ನುತ್ತದೆ, ಅವರಿಗೆ ತಡೆಯಾಜ್ಞೆ ಹಾಕುವ ಅಧಿಕಾರ ಕೊಟ್ಟಿಲ್ಲ. ಕೇಳಿದ ನೋಟಿಸು ಮತ್ತು ಬಂದ ಆಕ್ಷೇಪಣೆಯ ಪ್ರತಿ ಕೊಡಿ ಎನ್ನಿ.

*‘ನಮಗೆ ಕಾಯ್ದೆ ಅನ್ವಯಿಸುವುದಿಲ್ಲ’, ಸೆಕ್ಷನ್ 24(4).* ಗುಪ್ತವಾರ್ತೆ, ಭದ್ರತೆಯ ಸಂಸ್ಥೆಗಳನ್ನು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಹೊರಗಿಡಬಹುದು. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಆ ರಕ್ಷಣೆ ಇಲ್ಲ. ಮಾನವ ಹಕ್ಕಿನ ವಿಷಯವಾದರೆ ಮಾಹಿತಿ ಆಯೋಗದ ಒಪ್ಪಿಗೆ ಬೇಕು, ಗಡುವು 45 ದಿನ. ಸಾಮಾನ್ಯ ಠಾಣೆಗೂ ಎಸ್‌ಪಿ ಕಚೇರಿಗೂ ಈ ಕಲಂ ಸಂಬಂಧವೇ ಇಲ್ಲ.

*‘ಕಡತ ಸಿಗುತ್ತಿಲ್ಲ’.* ಕಾಯ್ದೆಯಲ್ಲಿ ಇಂಥದೊಂದು ವಿನಾಯಿತಿ ಇಲ್ಲ. ಕಡತ ಹುಡುಕಿಸಿದ ಆದೇಶ, ನಾಶಪಡಿಸಿದ್ದರೆ ನಾಶ ವಹಿಯ ನಮೂದು ಕೇಳಿ. ನಾಲ್ಕನೇ ಅಂಶದ ಚಲನವಲನ ವಿವರ ಬಂದಿದ್ದರೆ, ಕಡತ ಕೊನೆಗೆ ಯಾರ ಮೇಜಿನ ಮೇಲಿತ್ತೆಂದು ಅದೇ ಹೇಳುತ್ತದೆ.

ಹಂತ 6: ಮೇಲ್ಮನವಿ

ಉತ್ತರ ಬಂದ ದಿನದಿಂದ, ಬರದಿದ್ದರೆ 30 ದಿನ ಮುಗಿದಲ್ಲಿಂದ, ಮತ್ತೆ 30 ದಿನದೊಳಗೆ ಸೆಕ್ಷನ್ 19(1)ರಲ್ಲಿ ಮೊದಲ ಮೇಲ್ಮನವಿ. ಅದು ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಹೋಗುತ್ತದೆ. ಅವರು 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಬಹಳ ಮಂದಿ ಇದನ್ನು ಕಾಟಾಚಾರಕ್ಕೆ ಬರೆಯುತ್ತಾರೆ. ಹಾಗೆ ಮಾಡಬೇಡಿ, ಆಯೋಗ ಮುಂದೆ ಓದುವುದು ಇದನ್ನೇ. ಪ್ರತಿ ನಿರಾಕರಣೆಗೂ ಬೇರೆ ಪ್ಯಾರಾ ಇರಲಿ.

ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ಬೆಂಗಳೂರಿನಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಇಲ್ಲಿ ಕಾಯಬೇಕಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಿ. ವಿಚಾರಣೆಯ ದಿನ ಉದ್ದ ಭಾಷಣ ಬೇಡ. ನಿರಾಕರಣೆ ಸರಿ ಎಂದು ಸಾಬೀತು ಮಾಡುವ ಹೊಣೆ ಸೆಕ್ಷನ್ 19(5)ರಂತೆ ಮಾಹಿತಿ ಅಧಿಕಾರಿಯದ್ದು ಎಂದು ನೆನಪಿಸಿ, ನಿಮಗೆ ಬೇಕಾದ ಹಾಳೆಗಳ ಪಟ್ಟಿ ಕೊಡಿ. ತಡಕ್ಕೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಲು ಸೆಕ್ಷನ್ 20ರಲ್ಲಿ ಅವಕಾಶವಿದೆ. ಆದರೆ ದಂಡದ ಬೆನ್ನು ಹತ್ತಿದವರು ಎಷ್ಟೋ ಸಲ ದಾಖಲೆ ಮರೆತುಬಿಡುತ್ತಾರೆ. ಮೊದಲು ಕಡತ, ಆಮೇಲೆ ದಂಡ.

ಹಂತ 7: ಆರ್‌ಟಿಐ ಅಲ್ಲದ ಬಾಗಿಲುಗಳು

*ಮಾನವ ಹಕ್ಕುಗಳ ಆಯೋಗ.* 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 18ರಂತೆ ಆಯೋಗ ತನ್ನ ವಿಚಾರಣಾ ವರದಿಯ ಪ್ರತಿಯನ್ನು ದೂರುದಾರನಿಗೆ ಕೊಡಬೇಕು, ಸರ್ಕಾರದ ಅಭಿಪ್ರಾಯ ಮತ್ತು ಕೈಗೊಂಡ ಕ್ರಮದ ಜೊತೆ ವರದಿಯನ್ನು ಪ್ರಕಟಿಸಬೇಕು. ಬಹಿರಂಗಪಡಿಸುವುದನ್ನೇ ಕರ್ತವ್ಯ ಮಾಡಿದ ಇಷ್ಟು ಸ್ಪಷ್ಟವಾದ ಕಲಂ ಆರ್‌ಟಿಐ ಕಾಯ್ದೆಯಲ್ಲೂ ಈ ವಿಷಯಕ್ಕೆ ಇಲ್ಲ. ಪೊಲೀಸರಿಂದ ತರಿಸಿಕೊಂಡ ವರದಿಗೆ ನಿಮ್ಮ ಪ್ರತಿಕ್ರಿಯೆ ಕೇಳುವ ಹಂತ ಬಂದರೆ, ಇಲಾಖೆ ನಿಮಗೆ ನಿರಾಕರಿಸಿದ್ದ ಕಾಗದ ಅಲ್ಲಿ ಕೈಗೆ ಬರುತ್ತದೆ. ಷರತ್ತು ಒಂದು: ಘಟನೆಯಾಗಿ ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಆರ್‌ಟಿಐ ಫಲಿತಾಂಶಕ್ಕೆ ಕಾದು ಈ ಗಡುವು ಕಳೆದುಕೊಂಡವರು ಬೇಕಾದಷ್ಟು ಇದ್ದಾರೆ. ಎರಡನ್ನೂ ಒಟ್ಟಿಗೇ ಶುರುಮಾಡಿ. ಸಿಸಿಟಿವಿ ದೃಶ್ಯವನ್ನು ತರಿಸಿಕೊಳ್ಳುವ ಅವಕಾಶವೂ ಸೈನಿ ತೀರ್ಪಿನ ಪ್ರಕಾರ ಆಯೋಗಕ್ಕಿದೆ.

*ಪೊಲೀಸ್ ದೂರು ಪ್ರಾಧಿಕಾರ.* 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದದ್ದು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ ಎಂದು ಸುಪ್ರೀಂ ಕೋರ್ಟ್ ಹಂಚಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನು ಸೇರಿಸಿತು. ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ವಿಷಯಗಳಿಗೆ ಇದು ಸರಿಯಾದ ಜಾಗ. ನಿಮ್ಮ ಜಿಲ್ಲೆಯಲ್ಲಿ ಪ್ರಾಧಿಕಾರ ಎಷ್ಟು ಸಲ ಕೂತಿದೆ ಎಂದು ಅದರ ಸಭಾ ನಡಾವಳಿಯ ಪ್ರತಿ ಕೇಳಿ ನೋಡಿ. ಯಾರ ಹೆಸರೂ ಇಲ್ಲದ, ನಿರಾಕರಿಸಲು ಕಾರಣವೇ ಇಲ್ಲದ ದಾಖಲೆ ಅದು.

*ನ್ಯಾಯಾಲಯ.* ಕಸ್ಟಡಿಯಲ್ಲಿ ಸಾವು, ನಾಪತ್ತೆ, ಅತ್ಯಾಚಾರ ನಡೆದರೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 196ರಂತೆ ಮ್ಯಾಜಿಸ್ಟ್ರೇಟ್ ಪ್ರತ್ಯೇಕ ವಿಚಾರಣೆ ನಡೆಸಬೇಕು. ನ್ಯಾಯಾಲಯದ ಕಡತವನ್ನು ಆರ್‌ಟಿಐನಲ್ಲಿ ಕೇಳಬೇಡಿ. ಪ್ರಮಾಣೀಕೃತ ಪ್ರತಿಗೆ ನ್ಯಾಯಾಲಯದ ನಿಯಮದಂತೆಯೇ ಅರ್ಜಿ ಹಾಕಬೇಕು ಎಂದು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ತೀರ್ಮಾನಿಸಿದೆ. ನೀವು ಎಫ್‌ಐಆರ್ ಕೊಟ್ಟವರಾಗಿದ್ದರೆ ತನಿಖೆಯ ಪ್ರಗತಿಯನ್ನು 90 ದಿನದೊಳಗೆ ತಿಳಿಸುವುದು ಬಿಎನ್‌ಎಸ್‌ಎಸ್ ಸೆಕ್ಷನ್ 193(3)ರಂತೆ ಪೊಲೀಸರ ಕರ್ತವ್ಯ.

ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿದರೆ ಚಿತ್ರವೇ ಬದಲಾಗುತ್ತದೆ. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನ ಠಾಣೆಯಲ್ಲಿ ಯುವ ವಕೀಲರೊಬ್ಬರ ಮೇಲೆ ಹಲ್ಲೆಯಾದ ಆರೋಪ ಬಂದಾಗ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಚಿನ್ನಸ್ವಾಮಿ ಪ್ರಕರಣದಲ್ಲಿ ಸರ್ಕಾರ ಸ್ಥಿತಿಗತಿ ವರದಿಯನ್ನು ಮೊಹರು ಮಾಡಿದ ಲಕೋಟೆಯಲ್ಲೇ ಇಡಬೇಕೆಂದು ಕೇಳಿದಾಗ 2025ರ ಜುಲೈನಲ್ಲಿ ಹೈಕೋರ್ಟ್ ಒಪ್ಪದೆ, ಕಕ್ಷಿದಾರರಿಗೆ ಕೊಡಿ ಎಂದಿತು. ಮೊಹರಿನ ಲಕೋಟೆ ಕಂಡರೆ ನಿಮ್ಮ ವಕೀಲರಿಗೆ ಈ ಆದೇಶ ನೆನಪಿಸಿ.

*ಶಾಸನಸಭೆ.* 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಕೆಳಗೆ ಆಯೋಗ ನೇಮಿಸಿದ್ದರೆ ವರದಿಯನ್ನು ಕ್ರಮದ ಟಿಪ್ಪಣಿಯೊಂದಿಗೆ ಆರು ತಿಂಗಳೊಳಗೆ ಸದನದಲ್ಲಿ ಮಂಡಿಸಬೇಕು. ಮಂಡಿಸಿದ ಕ್ಷಣ ಅದು ಸಾರ್ವಜನಿಕ ದಾಖಲೆ. ಇದಲ್ಲದೆ ನಿಮ್ಮ ಶಾಸಕರಿಂದ ಅಥವಾ ವಿಧಾನ ಪರಿಷತ್ ಸದಸ್ಯರಿಂದ ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿಸಬಹುದು. ಜಿಲ್ಲೆಯಲ್ಲಿ ಎಷ್ಟು ಇಲಾಖಾ ವಿಚಾರಣೆ ಬಾಕಿ, ಎಷ್ಟು ಶಿಕ್ಷೆ ಎಂಬುದಕ್ಕೆ ಗೃಹ ಸಚಿವರ ಲಿಖಿತ ಉತ್ತರ ಬರುತ್ತದೆ. ಮಾಹಿತಿ ಅಧಿಕಾರಿ ಕ್ರೋಡೀಕರಿಸಿಲ್ಲ ಎನ್ನುವ ಅಂಕಿ ಅಧಿವೇಶನದ ಹೊತ್ತಿಗೆ ಹೇಗೋ ಕ್ರೋಡೀಕೃತವಾಗುತ್ತದೆ.

ಹಂತ 8: ಕೈಗೆ ಬಂದದ್ದನ್ನು ಪ್ರಕಟಿಸುವ ಮುನ್ನ

ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಆತುರ ಬೇಡ. ಮೊದಲು ಕಪ್ಪು ಮಸಿ ಹಚ್ಚಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಬಿಎನ್‌ಎಸ್ (ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 72ರಲ್ಲಿ ಅಪರಾಧ. ಮಕ್ಕಳ ಗುರುತನ್ನು ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಮತ್ತು ಪೋಕ್ಸೊ ಸೆಕ್ಷನ್ 23 ಕಾಪಾಡುತ್ತವೆ. ಹೆಸರು ಅಳಿಸಿ ಊರು, ತಂದೆಯ ಕೆಲಸ, ಶಾಲೆ ಬಿಟ್ಟರೆ ಗುರುತು ಸಿಕ್ಕಿಯೇ ಸಿಗುತ್ತದೆ. ಧೈರ್ಯ ಮಾಡಿ ಹೇಳಿಕೆ ಕೊಟ್ಟ ಹೆಡ್ ಕಾನ್‌ಸ್ಟೆಬಲ್, ಠಾಣೆ ಎದುರಿನ ಚಹಾ ಅಂಗಡಿಯವನು ಇವರ ಹೆಸರೂ ಹೋಗಬೇಕು. ಅವರು ನಾಳೆಯೂ ಅಲ್ಲೇ ಇರುವವರು. ಅಧಿಕಾರಿಯ ಮನೆ ವಿಳಾಸ, ಫೋನ್ ನಂಬರ್, ಹೆಂಡತಿ ಮಕ್ಕಳ ವಿವರ ಯಾವ ಕಾರಣಕ್ಕೂ ಬೇಡ.

ಪಿಡಿಎಫ್‌ನಲ್ಲಿ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರ ಉಳಿದಿರುತ್ತದೆ, ನಕಲು ಮಾಡಿದರೆ ಹೊರಬರುತ್ತದೆ. ಮುದ್ರಿಸಿ, ಮಾರ್ಕರ್ ಹಚ್ಚಿ, ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡುವ ಹಳೆಯ ವಿಧಾನವೇ ಸುರಕ್ಷಿತ.

ಬರೆಯುವಾಗ ಆರೋಪ, ವಿಚಾರಣಾಧಿಕಾರಿಯ ನಿರ್ಣಯ, ಶಿಸ್ತು ಪ್ರಾಧಿಕಾರದ ಆದೇಶ ಈ ಮೂರನ್ನು ಬೇರೆಬೇರೆಯಾಗಿಡಿ. ದೋಷಾರೋಪಣಾ ಪಟ್ಟಿ ಬಂದಿದೆ ಎಂದರೆ ತಪ್ಪು ಸಾಬೀತಾಗಿದೆ ಎಂದಲ್ಲ. ಅಮಾನತು ಎಂದರೆ ಶಿಕ್ಷೆಯೂ ಅಲ್ಲ. ದಾಖಲೆಯ ತಾರೀಖು ಹಾಕಿ, ಆ ತಾರೀಖಿನವರೆಗಿನ ಸ್ಥಿತಿ ಎಂದು ಬರೆಯಿರಿ. ಅಧಿಕಾರಿಗೆ ಪ್ರಶ್ನೆಗಳನ್ನು ಲಿಖಿತವಾಗಿ ಕಳಿಸಿ ಉತ್ತರಕ್ಕೆ ಸಮಯ ಕೊಡಿ, ಉತ್ತರ ಬಂದರೆ ಪೂರ್ತಿ ಹಾಕಿ. ಮಾನಹಾನಿಯ ಬಿಎನ್‌ಎಸ್ ಸೆಕ್ಷನ್ 356ರಲ್ಲಿ ಸಾರ್ವಜನಿಕ ಒಳಿತಿಗಾಗಿ ಹೇಳಿದ ಸತ್ಯಕ್ಕೆ ರಕ್ಷಣೆ ಇದೆ. ಆ ರಕ್ಷಣೆ ನಿಲ್ಲುವುದು ದೃಢೀಕೃತ ಪ್ರತಿಯ ಮೇಲೆ, ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಮೇಲಲ್ಲ.

ಶಿಕ್ಷೆಯ ಆದೇಶದ ಮೇಲೆ ಮೇಲ್ಮನವಿ ಇರುತ್ತದೆ, ನ್ಯಾಯಮಂಡಳಿ ಇರುತ್ತದೆ. ಪ್ರಕಟಿಸಿದ ಮೇಲೂ ಪ್ರಕರಣದ ಸಂಖ್ಯೆಯನ್ನು ಆಗಾಗ ನೋಡುತ್ತಿರಿ. ಆದೇಶ ರದ್ದಾದರೆ ಅದನ್ನೂ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಮೂಲ ಬರಹದ ತಲೆಯ ಮೇಲೆ ಸೇರಿಸಿ.